ಹುಕ್‌ಅಪ್ ಇಲ್ಲದ ಕಡೆ ಪುಟ್ಟ ಟ್ರೇಲರ್‌ನಲ್ಲಿ ಎಸಿ ಓಡಿಸುವುದು ಹೇಗೆ: ಹಂತ ಹಂತವಾಗಿ

ಮೇ ತಿಂಗಳು ಮುಗಿಯುತ್ತಿದ್ದ ಹಾಗೆ ನನಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಜನರೇಟರ್ ತಂದೆ, ಎಸಿ ಆನ್ ಮಾಡಿದ ತಕ್ಷಣ ಬಂದ್ ಆಯ್ತು." "ಲಿಥಿಯಂ ಬ್ಯಾಟರಿ ಹಾಕಿಸಿದೆ, ಮುಕ್ಕಾಲು ಗಂಟೆಗೆ ಖಾಲಿ." "ಮೇಲೆ 400 ವ್ಯಾಟ್ ಸೋಲಾರ್ ಇದೆ, ಆದರೂ ಎಸಿ ಓಡ್ತಿಲ್ಲ, ಯಾಕೆ?" ಕೇಳುವವರು ಹೆಚ್ಚಾಗಿ ಅರಿಜೋನಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದವರೇ. ಗಾಡಿಯ ಹಿಂದೆ ಎಳೆದುಕೊಂಡು ಹೋಗುವ, ಒಳಗೇ ಮಲಗಬಹುದಾದ 16ರಿಂದ 20 ಅಡಿಯ ಟ್ರೇಲರ್ ಕೊಂಡಿರುತ್ತಾರೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅವರನ್ನೂ ಕರೆದುಕೊಂಡು ಕಾಡಿಗೋ ಮರುಭೂಮಿಗೋ ಹೊರಡಬೇಕು ಅಂತ ಆಸೆ. ಅಲ್ಲಿ ಹುಕ್‌ಅಪ್, ಅಂದರೆ ಟ್ರೇಲರಿಗೆ ಚುಚ್ಚಿಕೊಳ್ಳುವ ಕರೆಂಟ್ ಸಂಪರ್ಕ, ಇರುವುದಿಲ್ಲ.

ಇವರೆಲ್ಲರ ಟ್ರೇಲರ್ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ತಂದ ಸಾಮಾನು ಕೆಟ್ಟದ್ದಲ್ಲ, ತಂದ ಕ್ರಮ ತಲೆಕೆಳಗು. ಮೊದಲು ಜನರೇಟರೋ ಬ್ಯಾಟರಿಯೋ ಕೊಳ್ಳುತ್ತಾರೆ, ಆಮೇಲೆ ಎಸಿ ಎಷ್ಟು ಎಳೆಯುತ್ತದೆ ಎಂದು ನೋಡುತ್ತಾರೆ, ನೆರಳಿನ ಯೋಚನೆ ಕೊನೆಗೆ ಬರುತ್ತದೆ. ಅದನ್ನು ತಿರುಗಿಸಿ ಹಾಕಿದರೆ ಖರ್ಚೂ ಕಡಿಮೆ, ತಲೆನೋವೂ ಕಡಿಮೆ.

ಶುರು ಆಗುವುದು ಬೇರೆ, ಓಡುತ್ತಿರುವುದು ಬೇರೆ

ನೀವು ತೋಟದ ಪಂಪ್‌ಸೆಟ್ ನೋಡಿ ಬೆಳೆದವರಾದರೆ ಇದು ಗೊತ್ತೇ ಇರುತ್ತದೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮನೆಯ ಬಲ್ಬು ಮಂಕಾಗುತ್ತಿತ್ತು, ಆಮೇಲೆ ಸರಿಯಾಗುತ್ತಿತ್ತು. ವೋಲ್ಟೇಜ್ ಕಡಿಮೆ ಇದ್ದರೆ ಮೋಟಾರ್ ಗುಂಯ್ ಎಂದು ನರಳಿ ನಿಲ್ಲುತ್ತಿತ್ತು. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತಿತ್ತು. ಟ್ರೇಲರ್ ಮೇಲಿನ ಎಸಿಯ ಕಂಪ್ರೆಸರ್ ಕೂಡ ಅದೇ ಜಾತಿ. ಸಾಮಾನ್ಯವಾಗಿ ಸಿಗುವ 13,500 ಬಿಟಿಯು (ಗಂಟೆಗೆ ಎಷ್ಟು ಶಾಖ ಹೊರಹಾಕುತ್ತದೆ ಎಂಬ ಅಳತೆ) ಎಸಿ ಓಡುವಾಗ 1,300ರಿಂದ 1,500 ವ್ಯಾಟ್ ಎಳೆಯುತ್ತದೆ, ಅಂದರೆ 120 ವೋಲ್ಟ್‌ನಲ್ಲಿ 11-13 ಆಂಪ್. ಶುರುವಾಗುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಮಾತ್ರ ಅದರ ನಾಲ್ಕೈದು ಪಟ್ಟು ಕೇಳುತ್ತದೆ.

ಇದು ಒಂದು ಲೆಕ್ಕ, ವ್ಯಾಟಿನದು. ಎರಡನೆಯದು ವ್ಯಾಟ್-ಅವರ್ ಲೆಕ್ಕ. ಮನೆಯ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಕೊಳಾಯಿ ಎಷ್ಟು ದಪ್ಪ ಎನ್ನುವುದು ವ್ಯಾಟ್, ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎನ್ನುವುದು ವ್ಯಾಟ್-ಅವರ್. ಜನರೇಟರ್ ಇರುವವರು ಕೊಳಾಯಿಯಲ್ಲಿ ಸೋಲುತ್ತಾರೆ, ಬ್ಯಾಟರಿ ಇರುವವರು ಟ್ಯಾಂಕಿನಲ್ಲಿ ಸೋಲುತ್ತಾರೆ. ನಿಮ್ಮ ತೊಂದರೆ ಇವೆರಡರಲ್ಲಿ ಯಾವುದು ಎಂದು ಮೊದಲು ಗುರುತಿಸಿ.

ಕೈಯಲ್ಲಿ ಇರಬೇಕಾದ ಸಾಮಾನು

ವೈರಿಗೆ ಹೊರಗಿನಿಂದಲೇ ಕಚ್ಚಿಸಿ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ಅದರ ಜೊತೆಗೆ ವೈರುಗಳನ್ನು ಬಿಡಿಸಿ ತೋರಿಸುವ ಲೈನ್ ಸ್ಪ್ಲಿಟರ್. ಇಡೀ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿ "ಮೀಟರ್ ಸೊನ್ನೆ ತೋರಿಸ್ತಿದೆ" ಎನ್ನುವವರು ಬಹಳ ಮಂದಿ. ಹೋಗುವ ಕರೆಂಟೂ ಬರುವ ಕರೆಂಟೂ ಒಟ್ಟಿಗೆ ಸಿಕ್ಕಿದರೆ ಸೊನ್ನೆಯೇ ಬರುವುದು. ಒಂದೇ ವೈರಿಗೆ ಹಾಕಬೇಕು.

ಅದರ ಜೊತೆಗೆ ವೋಲ್ಟೇಜ್ ತೋರಿಸುವ ಒಂದು ಪ್ಲಗ್ ಮೀಟರ್, 20 ಡಾಲರಿನೊಳಗೆ ಸಿಗುತ್ತದೆ. ಅದು ಸದಾ ಕಣ್ಣಿಗೆ ಬೀಳುವ ಕಡೆ ಇರಲಿ. ಇನ್ನು ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್, 10 ಗೇಜಿನ ದಪ್ಪ ಎಕ್ಸ್‌ಟೆನ್ಶನ್ ಕೇಬಲ್, ಕಿಟಕಿಗೆ ಕತ್ತರಿಸಿ ಹಾಕುವ ಬೆಳ್ಳಿ ಬಣ್ಣದ ಫಾಯಿಲ್ ಶೀಟು, ಅಲ್ಯೂಮಿನಿಯಂ ಟೇಪು. ಕೊನೆಯದಾಗಿ, ಕೆಲಸ ಮಾಡುತ್ತಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಅದರ ಹಿಂಬದಿ ತಯಾರಾದ ವರ್ಷ ನೋಡಿ. ಅವುಗಳ ಆಯುಸ್ಸು 5ರಿಂದ 7 ವರ್ಷ. ಹಳೆಯ ಟ್ರೇಲರ್ ಕೊಂಡವರು ಇದನ್ನು ನೋಡುವುದೇ ಇಲ್ಲ. ಬಟನ್ ಒತ್ತಿದರೆ ಕೂಗುತ್ತದೆ, ಹಾಗಾಗಿ ಸರಿ ಇದೆ ಅಂದುಕೊಳ್ಳುತ್ತಾರೆ. ಆ ಬಟನ್ ಪರೀಕ್ಷೆ ಮಾಡುವುದು ಕೂಗನ್ನು, ಒಳಗಿನ ಸೆನ್ಸರನ್ನಲ್ಲ.

ಹಂತ 1: ಜಾಗ ಆರಿಸುವಾಗಲೇ ಅರ್ಧ ಕೆಲಸ ಮುಗಿಸಿ

ಅತಿ ಅಗ್ಗದ ಎಸಿ ಎಂದರೆ ಎತ್ತರ. ಫೀನಿಕ್ಸ್ ಸಮುದ್ರಮಟ್ಟದಿಂದ ಸುಮಾರು 1,100 ಅಡಿ ಮೇಲಿದೆ. ಫ್ಲ್ಯಾಗ್‌ಸ್ಟಾಫ್ 7,000 ಅಡಿಯ ಹತ್ತಿರ. ಜುಲೈ ಮಧ್ಯಾಹ್ನ ಫೀನಿಕ್ಸ್‌ನಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯವಾದರೆ ಫ್ಲ್ಯಾಗ್‌ಸ್ಟಾಫ್‌ನಲ್ಲಿ 82ರ ಆಸುಪಾಸು. ಎರಡೂವರೆ ಗಂಟೆಯ ಡ್ರೈವು. ಅಲ್ಲಿನ ನ್ಯಾಶನಲ್ ಫಾರೆಸ್ಟ್ ಜಾಗದಲ್ಲಿ ಪೈನ್ ಮರದ ಕೆಳಗೆ ನಿಲ್ಲಿಸಿದರೆ ಎಸಿ ಮಾತೇ ಬರುವುದಿಲ್ಲ. ಬೇಸಿಗೆಯಲ್ಲಿ ಕೆಳಗಿನ ಮರುಭೂಮಿಯಲ್ಲೇ ಕ್ಯಾಂಪ್ ಮಾಡಬೇಕು ಎಂದು ಯಾರೂ ಹೇಳಿಲ್ಲವಲ್ಲ? ಟೆಕ್ಸಾಸ್, ಫ್ಲೋರಿಡಾದ ಹೆಚ್ಚಿನವರಿಗೆ ಮಾತ್ರ ಈ ಅನುಕೂಲ ಇಲ್ಲ, ಪಾಪ.

ಎತ್ತರಕ್ಕೆ ಹೋಗಲಾಗದಿದ್ದರೆ ನೆರಳು. ಮುಖ್ಯವಾಗಿ ಮಧ್ಯಾಹ್ನ 2ರಿಂದ ಸಂಜೆ 6ರವರೆಗಿನ ನೆರಳು. ಬೆಳಗ್ಗೆ 10ಕ್ಕೆ ಬಂದು "ಆಹಾ ಎಂಥ ನೆರಳು" ಎಂದು ಮರದ ಪಶ್ಚಿಮಕ್ಕೆ ಟ್ರೇಲರ್ ನಿಲ್ಲಿಸುತ್ತಾರೆ. ಮೂರು ಗಂಟೆಗೆ ನೋಡಿದರೆ ನೆರಳು ಮರದ ಆ ಕಡೆಗೆ ಹೋಗಿರುತ್ತದೆ. ಮರ ಟ್ರೇಲರಿನ ಪಶ್ಚಿಮಕ್ಕೆ ಅಥವಾ ನೈಋತ್ಯಕ್ಕೆ ಇರಬೇಕು. ಮರವೇ ಇಲ್ಲದ ಬಯಲಾದರೆ ಟ್ರೇಲರಿನ ಅಗಲವಾದ ಬದಿ ಪಶ್ಚಿಮಕ್ಕೆ ಮುಖ ಮಾಡದ ಹಾಗೆ, ಚಿಕ್ಕ ಬದಿ ಆ ಕಡೆ ಬರುವ ಹಾಗೆ ನಿಲ್ಲಿಸಿ.

ಕಿಟಕಿಗಳಿಗೆ ಫಾಯಿಲ್ ಶೀಟು ಹಾಕಿ. ಒಳಗಿಗಿಂತ ಹೊರಗಡೆ ಹಾಕಿದರೆ ಹೆಚ್ಚು ಉಪಯೋಗ, ಏಕೆಂದರೆ ಬಿಸಿಲು ಗಾಜು ದಾಟುವ ಮೊದಲೇ ತಡೆಯಬೇಕು. ಚಾವಣಿಯ ವೆಂಟಿಗೆ ದಿಂಬಿನಂಥ ಒಂದು ಇನ್ಸುಲೇಶನ್ ಸಿಗುತ್ತದೆ, ಅದನ್ನು ತುರುಕಿ.

ಇನ್ನು ಅಡುಗೆ. ಇದು ನಮ್ಮವರ ವಿಶೇಷ ತಪ್ಪು. ಒಳಗೆ ಕುಕ್ಕರ್ ಇಟ್ಟು ನಾಲ್ಕು ವಿಶಲ್ ಕೂಗಿಸಿ, ಒಗ್ಗರಣೆ ಹಾಕಿ, ಆಮೇಲೆ "ಎಸಿ ತಣ್ಣಗೆ ಮಾಡ್ತಿಲ್ಲ" ಎಂದರೆ? ಒಂದು ಪೌಂಡ್ ನೀರು ಹಬೆಯಾದರೆ ಅದನ್ನು ಮತ್ತೆ ನೀರು ಮಾಡಲು ಎಸಿ ಸುಮಾರು 1,000 ಬಿಟಿಯು ಖರ್ಚು ಮಾಡಬೇಕು. ಅನ್ನ, ಸಾರು, ಕಾಫಿ ಎಲ್ಲ ಹೊರಗಿನ ಗ್ಯಾಸ್ ಸ್ಟವ್ ಮೇಲೆ. ಅಮ್ಮನಿಗೆ ಮೊದಲ ದಿನ ಕಷ್ಟವಾಗುತ್ತದೆ, ಎರಡನೆಯ ದಿನ ಹೊರಗಿನ ಅಡುಗೆಯೇ ಚೆನ್ನ ಅನ್ನುತ್ತಾರೆ.

ಹಂತ 2: ಮನೆ ಮುಂದೆಯೇ ಅಳೆಯಿರಿ

ಕ್ಯಾಂಪಿಗೆ ಹೋಗುವ ಒಂದು ವಾರ ಮೊದಲು, ಮಧ್ಯಾಹ್ನ 3 ಗಂಟೆಯ ಬಿಸಿಲಿನಲ್ಲಿ ಡ್ರೈವ್‌ವೇಯಲ್ಲಿ ಅಳತೆ ಮಾಡಿ. ಬೆಳಗಿನ ತಂಪಿನಲ್ಲಿ ಅಳೆದ ಸಂಖ್ಯೆ ಸುಳ್ಳು. ಹೊರಗೆ ಬಿಸಿ ಏರಿದಷ್ಟೂ ಕಂಪ್ರೆಸರ್ ಜಾಸ್ತಿ ಎಳೆಯುತ್ತದೆ.

ಗ್ಯಾರೇಜಿನ 20 ಆಂಪ್ ಪ್ಲಗ್ಗಿಗೆ ಗಿಡ್ಡದಾದ, ದಪ್ಪ ಕೇಬಲ್ಲಿನಿಂದ ಟ್ರೇಲರ್ ಸೇರಿಸಿ, ಒಳಗಿನ ಬೇರೆ ಎಲ್ಲ ಬ್ರೇಕರ್ ಆಫ್ ಮಾಡಿ, ಎಸಿ ಮಾತ್ರ ಹಾಕಿ. ಇಪ್ಪತ್ತು ನಿಮಿಷ ಓಡಲಿ. ಆಮೇಲೆ ಆಂಪ್ ಓದಿ ಬರೆದಿಟ್ಟುಕೊಳ್ಳಿ. ಎಸಿಯ ಲೇಬಲ್ಲಿನಲ್ಲಿ ಆರ್‌ಎಲ್‌ಎ, ಎಲ್‌ಆರ್‌ಎ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಕಂಪ್ರೆಸರ್ ಓಡುವಾಗಿನದು, ಎರಡನೆಯದು ಅದು ಶುರುವಾಗುವ ಕ್ಷಣದ್ದು. ಅವನ್ನೂ ಬರೆದುಕೊಳ್ಳಿ.

ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ಟ್ರೇಲರಿನ ಮೂರು ಪಿನ್ನಿನ 30 ಆಂಪ್ ಪ್ಲಗ್ 120 ವೋಲ್ಟಿನದು. ನೋಡಲು ಮಾತ್ರ ಬಟ್ಟೆ ಒಣಗಿಸುವ ಡ್ರೈಯರ್ ಪ್ಲಗ್ಗಿನ ಹಾಗೆಯೇ ಇರುತ್ತದೆ, ಅದು 240 ವೋಲ್ಟ್. ಮನೆಯಲ್ಲಿ ಟ್ರೇಲರಿಗೆಂದು ಹೊಸ ಪ್ಲಗ್ ಹಾಕಿಸಿದಾಗ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ 240 ಕೊಟ್ಟುಬಿಡುವುದು ಉಂಟು. ನನಗೂ ಹಾಗೇ ಆಗಿ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎರಡೂ ಒಂದೇ ಸೆಕೆಂಡಿನಲ್ಲಿ ಹೋದವು. ಅವತ್ತಿನಿಂದ ಮೀಟರ್ ಹಚ್ಚದೆ ಯಾವ ಪ್ಲಗ್ಗಿಗೂ ಟ್ರೇಲರ್ ಸೇರಿಸುವುದಿಲ್ಲ.

ಅಳೆಯುವಾಗಲೇ ಎಸಿಯ ಆರೋಗ್ಯವನ್ನೂ ನೋಡಿಬಿಡಿ. ಗಾಳಿ ಒಳಗೆ ಹೋಗುವ ಜಾಲರಿಯ ಹತ್ತಿರ ಒಮ್ಮೆ, ತಣ್ಣನೆ ಗಾಳಿ ಹೊರಬರುವ ಕಡೆ ಒಮ್ಮೆ ಥರ್ಮಾಮೀಟರ್ ಹಿಡಿಯಿರಿ. ವ್ಯತ್ಯಾಸ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಎಸಿ ಸರಿಯಿದೆ. ಹತ್ತೇ ಇದ್ದರೆ ಫಿಲ್ಟರ್ ತೊಳೆಯಿರಿ. ಆಮೇಲೆ ಜಾಲರಿ ಬಿಚ್ಚಿ ಟಾರ್ಚ್ ಹಾಕಿ ಒಳಗೆ ನೋಡಿ. ತಣ್ಣನೆ ಗಾಳಿಯ ದಾರಿಗೂ ಬಿಸಿ ಗಾಳಿಯ ದಾರಿಗೂ ನಡುವಿನ ತಡೆಯಲ್ಲಿ ಸಂದು ಬಿಟ್ಟಿರುವುದು ಹೊಸ ಟ್ರೇಲರಿನಲ್ಲೂ ಉಂಟು. ಹಾಗಾದರೆ ಎಸಿ ತಾನೇ ತಣ್ಣಗೆ ಮಾಡಿದ್ದನ್ನು ತಾನೇ ಕುಡಿಯುತ್ತಿರುತ್ತದೆ. ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ. ಹತ್ತು ಡಾಲರಿನ ಕೆಲಸ, ಆದರೆ ಇದರಷ್ಟು ಫಲ ಕೊಟ್ಟ ಬೇರೆ ಕೆಲಸ ನಾನು ಮಾಡಿಲ್ಲ.

ಹಂತ 3: ಸಾಫ್ಟ್ ಸ್ಟಾರ್ಟರ್ ಹಾಕಿ

ಶುರುವಾಗುವ ಕ್ಷಣದ ಆ ದೊಡ್ಡ ಎಳೆತವನ್ನು ಅರ್ಧಕ್ಕಿಂತ ಕಡಿಮೆ ಮಾಡುವ ಪುಟ್ಟ ಡಬ್ಬಿ ಇದು. ಕಂಪ್ರೆಸರ್‌ಗೆ ಕರೆಂಟನ್ನು ಒಮ್ಮೆಲೇ ಸುರಿಯದೆ ಮೆಲ್ಲಗೆ ಏರಿಸುತ್ತದೆ. ಬೆಲೆ ಸುಮಾರು 300 ಡಾಲರ್. ದುಬಾರಿ ಅನಿಸಬಹುದು. ಆದರೆ ಇದಿಲ್ಲದೆ 13,500 ಬಿಟಿಯು ಎಸಿಗೆ 3,000 ವ್ಯಾಟಿಗಿಂತ ದೊಡ್ಡ ಜನರೇಟರ್ ಬೇಕಾಗುತ್ತದೆ. ಅದನ್ನು ಎತ್ತಲು ಇಬ್ಬರು ಬೇಕು, ಸದ್ದೂ ಜಾಸ್ತಿ.

ಕೆಲಸ ನಡೆಯುವುದು ಚಾವಣಿಯ ಮೇಲೆ, ಎಸಿಯ ಮುಚ್ಚಳ ತೆಗೆದು. ಕ್ರಮ ತಪ್ಪಬೇಡಿ. ಮೊದಲು ಟ್ರೇಲರಿನ ಪ್ಲಗ್ ಕಿತ್ತುಹಾಕಿ, ಇನ್ವರ್ಟರ್ ಆಫ್ ಮಾಡಿ, ಎಸಿಯ ಬ್ರೇಕರ್ ಕೆಳಗಿಳಿಸಿ. ಈಗ ಇರುವ ವೈರುಗಳ ಫೋಟೋ ತೆಗೆಯಿರಿ, ಒಂದಲ್ಲ, ನಾಲ್ಕು ಕೋನದಿಂದ. ಆಮೇಲೆ ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಕೂತಿರುತ್ತದೆ. ರೆಸಿಸ್ಟರ್ ಇರುವ ಡಿಸ್‌ಚಾರ್ಜ್ ಟೂಲಿನಿಂದ ಅದನ್ನು ಖಾಲಿ ಮಾಡಿ, ಮೀಟರ್ ಹಚ್ಚಿ ಸೊನ್ನೆ ಎಂದು ನೋಡಿಯೇ ಕೈ ಹಾಕಿ. ಬಳಿಕ ನಿಮ್ಮ ಎಸಿ ಮಾಡೆಲ್ಲಿಗೆ ಕೊಟ್ಟಿರುವ ಚಿತ್ರದಂತೆ ನಾಲ್ಕು ವೈರು ಸೇರಿಸಬೇಕು. ಮಾಡೆಲ್ ಬೇರೆಯಾದರೆ ವೈರಿಂಗ್ ಬೇರೆ, ಹಾಗಾಗಿ ಯಾರದೋ ವಿಡಿಯೋ ನೋಡಿ ಬಣ್ಣ ಹೊಂದಿಸಬೇಡಿ. ಇಷ್ಟರಲ್ಲಿ ಯಾವುದಾದರೂ ಅಳುಕು ತಂದರೆ ಆರ್‌ವಿ ಟೆಕ್ನಿಷಿಯನ್ನರನ್ನು ಕರೆಯಿರಿ, ಒಂದೆರಡು ಗಂಟೆಯ ಕೂಲಿ ಅಷ್ಟೇ.

ಹಾಕಿದ ಮೇಲೆ ಎಲ್ಲರೂ ಬಿಡುವ ಒಂದು ಹೆಜ್ಜೆ ಇದೆ. ಕೆಲವು ಸಾಫ್ಟ್ ಸ್ಟಾರ್ಟರ್‌ಗಳು ಮೊದಲ ನಾಲ್ಕೈದು ಸಲ ಎಸಿ ಶುರುವಾಗುವಾಗ ಅದರ ಸ್ವಭಾವ ಕಲಿಯುತ್ತವೆ. ಆ ಕಲಿಕೆ ಗಟ್ಟಿ ಕರೆಂಟಿನ ಮೇಲೆ, ಅಂದರೆ ಮನೆಯ ಪ್ಲಗ್ಗಿನಲ್ಲೋ ಹುಕ್‌ಅಪ್ ಇರುವ ಕ್ಯಾಂಪಿನಲ್ಲೋ ಆಗಬೇಕು. ನೇರ ಕಾಡಿಗೆ ಹೋಗಿ ಸಣ್ಣ ಜನರೇಟರ್ ಮೇಲೆ ಮೊದಲ ಸಲ ಆನ್ ಮಾಡಿ "ಇದು ಮೋಸ" ಎನ್ನುವವರ ಕಥೆ ಇದೇ. ಎರಡು ಸ್ಟಾರ್ಟಿನ ನಡುವೆ ಐದು ನಿಮಿಷ ಬಿಡಿ.

ಹಂತ 4: ಜನರೇಟರ್ ದಾರಿ

ಉದಾಹರಣೆಗೆ ತುಂಬ ಜನರ ಬಳಿ ಇರುವ ಹೋಂಡಾ ಇಯು2200ಐ ತೆಗೆದುಕೊಳ್ಳೋಣ. ಹೆಸರಲ್ಲಿ 2,200 ಇದೆ, ಆದರೆ ಅದು ಕ್ಷಣಕಾಲದ ಶಕ್ತಿ. ಸತತವಾಗಿ ಕೊಡುವುದು 1,800 ವ್ಯಾಟ್. ಯಾವುದೇ ಬ್ರ್ಯಾಂಡಿನಲ್ಲೂ ಚಿಕ್ಕ ಅಕ್ಷರದಲ್ಲಿ ಬರೆದಿರುವ ಸತತ ಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಎಸಿಗೆ 1,400 ಹೋದರೆ ಉಳಿಯುವುದು 400.

ಆ 400ನ್ನು ಗುಟ್ಟಾಗಿ ತಿನ್ನುವವನು ಟ್ರೇಲರಿನ ಕನ್ವರ್ಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಡಬ್ಬಿ. ರಾತ್ರಿಯೆಲ್ಲ ಬಳಸಿ ಬ್ಯಾಟರಿ ಇಳಿದಿದ್ದರೆ 55 ಆಂಪ್‌ನ ಕನ್ವರ್ಟರ್ ಒಂದೇ 800-900 ವ್ಯಾಟ್ ಎಳೆಯುತ್ತದೆ. ಜನರೇಟರ್ ಶುರು ಮಾಡಿದ ಕೂಡಲೇ ಅದು ಕೇಳದೆಯೇ ಕೆಲಸಕ್ಕೆ ಇಳಿಯುತ್ತದೆ. ನೀವು ಎಸಿ ಹಾಕುತ್ತೀರಿ, ಓವರ್‌ಲೋಡ್ ದೀಪ ಬರುತ್ತದೆ, ಬೈಗುಳ ಎಸಿಗೆ ಬೀಳುತ್ತದೆ. ಹಾಗಾಗಿ ಬೆಳಗ್ಗೆ ಒಂದೆರಡು ಗಂಟೆ ಬ್ಯಾಟರಿ ಚಾರ್ಜ್ ಮಾಡಿ. ಮಧ್ಯಾಹ್ನ ಎಸಿ ಹಾಕುವ ಮೊದಲು ಕನ್ವರ್ಟರ್ ಬ್ರೇಕರ್ ಇಳಿಸಿ. ನೀರು ಕಾಯಿಸುವ ಹೀಟರಿನ ಕರೆಂಟ್ ಸ್ವಿಚ್ಚೂ ಆಫ್ ಇರಲಿ, ಅದು 1,400 ವ್ಯಾಟ್. ಗ್ಯಾಸಿನಲ್ಲೂ ಓಡುವ ಫ್ರಿಜ್ ಆದರೆ ಗ್ಯಾಸಿಗೆ ಬದಲಿಸಿ.

ಎತ್ತರದ ಲೆಕ್ಕ ಮರೆಯಬೇಡಿ. ಪ್ರತಿ 1,000 ಅಡಿಗೆ ಜನರೇಟರಿನ ಶಕ್ತಿ ಸುಮಾರು ಮೂರೂವರೆ ಶೇಕಡಾ ಇಳಿಯುತ್ತದೆ, ಗಾಳಿ ತೆಳುವಾಗುವುದರಿಂದ. 7,000 ಅಡಿಯಲ್ಲಿ 1,800 ಎನ್ನುವುದು 1,360ರ ಹತ್ತಿರ ಬಂದು ನಿಲ್ಲುತ್ತದೆ. ಪೆಟ್ರೋಲ್ ಬದಲು ಪ್ರೊಪೇನ್ ಬಳಸಿದರೆ ಇನ್ನೊಂದು ಹತ್ತು ಶೇಕಡಾ ಖೋತಾ. ಮನೆಯ ಮುಂದೆ ಚೆನ್ನಾಗಿ ಓಡಿದ್ದು ಬೆಟ್ಟದ ಮೇಲೆ ಉಬ್ಬಸ ಪಡುವುದು ಇದಕ್ಕೇ.

ಇಡುವ ಜಾಗ: ಟ್ರೇಲರಿನಿಂದ ಕಡಿಮೆ ಎಂದರೂ 20 ಅಡಿ ದೂರ, ಗಾಳಿ ಟ್ರೇಲರಿನಿಂದ ಜನರೇಟರ್ ಕಡೆಗೆ ಬೀಸುವ ದಿಕ್ಕಿನಲ್ಲಿ, ಹೊಗೆ ಕೊಳವೆ ಆಚೆ ಮುಖ ಮಾಡಿ. ಕಳ್ಳರ ಭಯಕ್ಕೆ ಅದನ್ನು ಟ್ರೇಲರಿನ ನಾಲಿಗೆಯ (ಗಾಡಿಗೆ ಸಿಕ್ಕಿಸುವ ಮುಂಭಾಗದ) ಹತ್ತಿರವೋ ಕಿಟಕಿ ಕೆಳಗೋ ಕಟ್ಟಿ ಇಡುವವರನ್ನು ನೋಡಿದ್ದೇನೆ. ಹಾಗೆ ಮಾಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ಕದಿಯದ ಹಾಗೆ ಉದ್ದನೆ ಚೈನು ಹಾಕಿ ಮರಕ್ಕೆ ಬಿಗಿಯಿರಿ. ಗಾಳಿ ದಿಕ್ಕು ಬದಲಾದರೆ ಎದ್ದುಹೋಗಿ ಜಾಗ ಬದಲಿಸಿ.

ನ್ಯಾಶನಲ್ ಪಾರ್ಕ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಜನರೇಟರ್ ಓಡಿಸಲು ಹಗಲಿನಲ್ಲೂ ನಿಗದಿಯಾದ ಕೆಲವೇ ಗಂಟೆಗಳಿರುವ ಕಡೆಗಳೇ ಹೆಚ್ಚು. ಅಂದರೆ ಅಂಥಲ್ಲಿ ರಾತ್ರಿಯ ಎಸಿ ಜನರೇಟರಿನಿಂದ ಸಾಧ್ಯವಿಲ್ಲ ಎಂದೇ ಲೆಕ್ಕ ಹಾಕಿಕೊಂಡು ಹೋಗಿ. ಫಾರೆಸ್ಟ್ ಜಾಗಕ್ಕಾದರೆ ಸ್ಪಾರ್ಕ್ ಅರೆಸ್ಟರ್ (ಹೊಗೆ ಕೊಳವೆಯಿಂದ ಕಿಡಿ ಹಾರದಂತೆ ತಡೆಯುವ ಜಾಲರಿ) ಇರುವ ಜನರೇಟರೇ ಬೇಕು.

ಇನ್ನೊಂದು ಸಣ್ಣ ಗೋಜಲು. ಟ್ರೇಲರಿಗೆ ರಕ್ಷಣೆಯ ಸರ್ಜ್ ಪ್ರೊಟೆಕ್ಟರ್ ಹಾಕಿದ್ದರೆ ಅದು ಸಣ್ಣ ಜನರೇಟರ್ ನೋಡಿ "ಓಪನ್ ಗ್ರೌಂಡ್" ಎಂದು ತಪ್ಪು ತೋರಿಸಿ ಕರೆಂಟ್ ಬಿಡುವುದೇ ಇಲ್ಲ. ಜನರೇಟರ್ ಕೆಟ್ಟಿಲ್ಲ. ಅದರಲ್ಲಿ ನ್ಯೂಟ್ರಲ್, ಗ್ರೌಂಡ್ ಸೇರಿಸಿರುವುದಿಲ್ಲ ಅಷ್ಟೇ. ಇದಕ್ಕೆಂದೇ ಬರುವ ಬಾಂಡಿಂಗ್ ಪ್ಲಗ್ಗನ್ನು ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಚುಚ್ಚಿ. ಮನೆಯ ಕರೆಂಟಿಗೆ ಮಾತ್ರ ಆ ಪ್ಲಗ್ ಹಾಕಬಾರದು.

ಹಂತ 5: ಬ್ಯಾಟರಿ ದಾರಿ

ಸದ್ದಿಲ್ಲ, ಹೊಗೆಯಿಲ್ಲ, ರಾತ್ರಿಯೂ ಓಡಿಸಬಹುದು. ಆದರೆ ಲೆಕ್ಕ ನಿಷ್ಠುರ. 12 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ (ಅದರ ನಿಜವಾದ ವೋಲ್ಟೇಜ್ 12.8) ಇರುವುದು 1,280 ವ್ಯಾಟ್-ಅವರ್. ಎಸಿ 1,400 ವ್ಯಾಟ್ ಎಳೆದರೆ, ಇನ್ವರ್ಟರಿನ ನಷ್ಟ ಸೇರಿಸಿ ಬ್ಯಾಟರಿಯಿಂದ ಹೋಗುವುದು 1,600. ಎರಡು ಬ್ಯಾಟರಿ ಇದ್ದು ಹತ್ತು ಶೇಕಡಾ ಉಳಿಸಿಕೊಂಡರೆ 2,300 ವ್ಯಾಟ್-ಅವರ್ ಸಿಗುತ್ತದೆ, ಎಸಿ ಬಿಡದೆ ಓಡಿದರೆ ಒಂದೂವರೆ ಗಂಟೆಯೊಳಗೆ ಮುಗಿಯಿತು. ನಾಲ್ಕು ಬ್ಯಾಟರಿಗೆ ಮೂರು ಗಂಟೆಯ ಹತ್ತಿರ. ರಾತ್ರಿ ಹೊರಗೆ ತಂಪಾಗಿ ಕಂಪ್ರೆಸರ್ ಅರ್ಧ ಹೊತ್ತು ಮಾತ್ರ ಓಡಿದರೆ ಅದೇ ನಾಲ್ಕರಲ್ಲಿ ಐದು ಗಂಟೆ ಚಿಲ್ಲರೆ ತಳ್ಳಬಹುದು. ಹಳೆಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಅದರಲ್ಲಿ ಎಸಿ ಆಸೆ ಬಿಡಿ.

ಈಗ ಸೋಲಾರ್. ಚಾವಣಿಯಲ್ಲಿ ಮಲಗಿಸಿದ 400 ವ್ಯಾಟ್ ಪ್ಯಾನೆಲ್ ಒಳ್ಳೆಯ ಬೇಸಿಗೆ ದಿನದಲ್ಲಿ 1,600ರಿಂದ 1,800 ವ್ಯಾಟ್-ಅವರ್ ಕೊಡುತ್ತದೆ. ಅಂದರೆ ಇಡೀ ದಿನದ ಬಿಸಿಲಿಗೆ ಒಂದು ಗಂಟೆಯ ಎಸಿ! ಮೇಲಾಗಿ ಟ್ರೇಲರ್ ನೆರಳಲ್ಲಿ ಇರಬೇಕು, ಪ್ಯಾನೆಲ್ ಬಿಸಿಲಲ್ಲಿ ಇರಬೇಕು, ಎರಡೂ ಒಂದೇ ಗಾಡಿ ಮೇಲೆ. ನೆಲದ ಮೇಲೆ ಇಡುವ ಮಡಚುವ ಪ್ಯಾನೆಲ್, ಉದ್ದನೆಯ ದಪ್ಪ ವೈರು ಇದ್ದರೆ ಈ ಜಗಳ ಬಗೆಹರಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಲಹೆ ಬೇರೆ. ಬ್ಯಾಟರಿ ಹೆಚ್ಚಿಸುವ ಬದಲು ಎಸಿ ಚಿಕ್ಕದು ಮಾಡಿ. 17 ಅಡಿಯ ಟ್ರೇಲರಿನಲ್ಲಿ ಮಲಗುವ ಜಾಗ ಪರದೆಯಿಂದ ಬೇರೆ ಮಾಡಿಕೊಂಡರೆ 5,000 ಬಿಟಿಯು ಕಿಟಕಿ ಎಸಿ ರಾತ್ರಿಗೆ ಸಾಕು. ಅದು ಎಳೆಯುವುದು 450-500 ವ್ಯಾಟ್. ಎರಡು ಬ್ಯಾಟರಿಯಲ್ಲೇ ನಾಲ್ಕು ಗಂಟೆ ಬಿಡದೆ ಓಡುತ್ತದೆ. ಇನ್ವರ್ಟರ್ ಕಂಪ್ರೆಸರ್ (ತಾನೇ ಮೆಲ್ಲಗೆ ವೇಗ ಏರಿಸಿಕೊಳ್ಳುವಂಥದ್ದು) ಇರುವ ಮಾದರಿಯಾದರೆ ಶುರುವಿನ ಏಟೂ ಇರುವುದಿಲ್ಲ. ಹೊರಗಿನ ಲಗೇಜು ಬಾಗಿಲಿಗೆ ಹಲಗೆ ಹೊಂದಿಸಿ ಕೂರಿಸುವವರಿದ್ದಾರೆ. ಒಂದೇ ಮಾತು: ಅದರ ಹಿಂಭಾಗದ ಬಿಸಿ ಗಾಳಿ ಪೂರ್ತಿ ಹೊರಗೆ ಹೋಗಬೇಕು, ನೀರು ಹೊರಗೆ ತೊಟ್ಟಿಕ್ಕಬೇಕು.

ಚಾವಣಿ ಎಸಿಯೇ ಬೇಕು ಎನ್ನುವವರು ವೈರಿಂಗಿನಲ್ಲಿ ಜಿಪುಣತನ ಮಾಡಬೇಡಿ. 1,600 ವ್ಯಾಟ್ ಎಂದರೆ 12 ವೋಲ್ಟ್ ಕಡೆಯಲ್ಲಿ 125 ಆಂಪ್. ಹೆಚ್ಚಿನ 100 ಆಂಪ್-ಅವರ್ ಬ್ಯಾಟರಿಗಳ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) 100 ಆಂಪ್‌ಗೇ ಕತ್ತರಿಸುತ್ತದೆ, ಹಾಗಾಗಿ ಒಂದೇ ಬ್ಯಾಟರಿಯಲ್ಲಿ ಎಸಿ ಶುರುವಾದರೂ ಓಡುತ್ತಾ ಉಳಿಯುವುದಿಲ್ಲ. 3,000 ವ್ಯಾಟ್ ಇನ್ವರ್ಟರಿಗೆ 4/0 ಗೇಜಿನ ತಾಮ್ರದ ಕೇಬಲ್, ಸಾಧ್ಯವಾದಷ್ಟು ಗಿಡ್ಡ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್ (ದೊಡ್ಡ ಕರೆಂಟನ್ನೂ ತಕ್ಷಣ ಕತ್ತರಿಸುವಂಥದ್ದು). ಪ್ರತಿ ಬೋಲ್ಟೂ ಟಾರ್ಕ್ ರೆಂಚಿನಿಂದ ಬಿಗಿಯಿರಿ. ನನ್ನ ಮೊದಲ ವೈರಿಂಗಿನಲ್ಲಿ ಕೇಬಲ್ ತುದಿಯ ಒಂದು ಲಗ್ ಕಾಲು ಸುತ್ತು ಸಡಿಲ ಇತ್ತು. ಹತ್ತು ನಿಮಿಷಕ್ಕೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಮುಟ್ಟಿದರೆ ದೋಸೆ ಕಾವಲಿ.

ಇನ್ನು ತಮಾಷೆಯ ತಪ್ಪು. ಇನ್ವರ್ಟರಿನಿಂದ ಇಡೀ ಟ್ರೇಲರಿಗೆ ಕರೆಂಟ್ ಕೊಟ್ಟು ಕನ್ವರ್ಟರ್ ಬ್ರೇಕರ್ ಆಫ್ ಮಾಡದಿದ್ದರೆ, ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳಲು ಹೊರಡುತ್ತದೆ. ಒಂದು ಸುತ್ತಿಗೆ ಇಷ್ಟು ನಷ್ಟ, ಇನ್ನೊಂದು ಸುತ್ತಿಗೆ ಇಷ್ಟು ನಷ್ಟ. ಸುಮ್ನೆ ಖಾಲಿ.

ಗಾಡಿ ಓಡಿಸುವಾಗ ಚಾರ್ಜ್ ಆಗುತ್ತದಲ್ಲ ಎನ್ನುವವರಿಗೆ: ಗಾಡಿಯನ್ನೂ ಟ್ರೇಲರನ್ನೂ ಸೇರಿಸುವ ಏಳು ಪಿನ್ನಿನ ಪ್ಲಗ್ಗಿನಿಂದ ಬರುವುದು ಚಿಲ್ಲರೆ. ಬೇರೆ ದಪ್ಪ ವೈರೆಳೆದು 30 ಆಂಪ್ ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟಿನಿಂದ ಟ್ರೇಲರ್ ಬ್ಯಾಟರಿ ತುಂಬುವಂಥದ್ದು) ಹಾಕಿದರೆ ಮೂರು ಗಂಟೆ ಡ್ರೈವಿಗೆ ಒಂದು ಬ್ಯಾಟರಿಯಷ್ಟು ತುಂಬುತ್ತದೆ.

ಹಂತ 6: ಕ್ಯಾಂಪಿನಲ್ಲಿ ಆನ್ ಮಾಡುವ ಕ್ರಮ

ಹೊತ್ತು ಮುಖ್ಯ. ಮಧ್ಯಾಹ್ನ 4ಕ್ಕೆ ಒಳಗೆ 100 ಡಿಗ್ರಿ ಆದ ಮೇಲೆ ಹಾಕಿದರೆ ಗೋಡೆ, ಹಾಸಿಗೆ, ಕಪಾಟು ಎಲ್ಲ ಬಿಸಿಯಾಗಿರುತ್ತದೆ, ಎಸಿ ಸಂಜೆವರೆಗೆ ಅದರ ಜೊತೆ ಗುದ್ದಾಡಬೇಕು. 11 ಗಂಟೆಗೇ, ಒಳಗೆ 80 ದಾಟುವ ಮೊದಲು ಶುರು ಮಾಡಿ.

ಮೊದಲು ಚಾವಣಿಯ ವೆಂಟ್ ಫ್ಯಾನ್ ಹಾಕಿ ಒಳಗಿನ ಬಿಸಿ ಗಾಳಿ ಹತ್ತು ನಿಮಿಷ ಹೊರಗೆ ಕಳಿಸಿ. ಆಮೇಲೆ ಆ ಫ್ಯಾನ್ ಆಫ್ ಮಾಡಿ ಮುಚ್ಚಿ. ಎಸಿಯ ಜೊತೆಗೆ ಅದೂ ಓಡುತ್ತಿದ್ದರೆ ಹೊರಗಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತಿರುತ್ತೀರಿ. ಬಾಗಿಲು, ಕಿಟಕಿ ಎಲ್ಲ ಬಂದ್.

ಜನರೇಟರ್ ಶುರು ಮಾಡಿ ಐದು ನಿಮಿಷ ಬಿಸಿಯಾಗಲು ಬಿಡಿ. ಭಾರ ಕಡಿಮೆ ಇದ್ದಾಗ ಎಂಜಿನ್ ವೇಗ ಇಳಿಸುವ ಇಕೋ ಸ್ವಿಚ್ ಆಫ್ ಇರಲಿ, ಇಲ್ಲದಿದ್ದರೆ ಮೆಲ್ಲಗೆ ಓಡುತ್ತಿರುವ ಎಂಜಿನ್ ಮೇಲೆ ಕಂಪ್ರೆಸರ್ ಒಮ್ಮೆಲೇ ಬಿದ್ದು ಮುಗ್ಗರಿಸುತ್ತದೆ. ಈಗ ಟ್ರೇಲರಿನ ಕೇಬಲ್ ಸೇರಿಸಿ, ಮೀಟರಿನಲ್ಲಿ ವೋಲ್ಟೇಜ್ ನೋಡಿ. 115ರಿಂದ 125ರ ನಡುವೆ ಇರಬೇಕು. ಎಸಿಯನ್ನು ಮೊದಲು ಬರೀ ಫ್ಯಾನಿಗೆ ಇಟ್ಟು ಎರಡು ನಿಮಿಷ ಬಿಟ್ಟು ಕೂಲ್‌ಗೆ ತಿರುಗಿಸಿ. ಕಂಪ್ರೆಸರ್ ಹಿಡಿದುಕೊಂಡು ಹತ್ತು ನಿಮಿಷ ಸಮನಾಗಿ ಓಡಿದ ಮೇಲೆ ಬೇಕಾದರೆ ಇಕೋ ಹಾಕಿ ನೋಡಿ.

ಥರ್ಮೋಸ್ಟಾಟನ್ನು 68ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎನ್ನುವುದು ಭ್ರಮೆ. ವೇಗ ಅದೇ, ನಿಲ್ಲುವುದು ತಡ ಅಷ್ಟೇ. 78ಕ್ಕೆ ಇಟ್ಟು ಒಂದು ಸಣ್ಣ 12 ವೋಲ್ಟ್ ಫ್ಯಾನ್ ಮೈಮೇಲೆ ಬೀಸಲಿ. ಹೊರಗೆ 108 ಇರುವಾಗ ತೆಳು ಗೋಡೆಯ ಟ್ರೇಲರಿನಲ್ಲಿ 80 ಸಿಕ್ಕರೆ ಅದನ್ನು ಗೆಲುವು ಎಂದೇ ತಿಳಿಯಿರಿ.

ಆಫ್ ಮಾಡಿದರೆ ಮತ್ತೆ ಹಾಕುವ ಮುಂಚೆ ಐದು ನಿಮಿಷ ಕಾಯಿರಿ. ಒಳಗಿನ ಗ್ಯಾಸಿನ ಒತ್ತಡ ಇಳಿಯಬೇಕು. ಮಕ್ಕಳು ಸ್ವಿಚ್ಚಿನ ಜೊತೆ ಆಡಿದರೆ ಕಂಪ್ರೆಸರಿಗೆ ಉಸಿರು ಕಟ್ಟುತ್ತದೆ.

ಹಂತ 7: ರಾತ್ರಿಯ ಏರ್ಪಾಡು

ಒಣ ಮರುಭೂಮಿಯಲ್ಲಿ ಸೂರ್ಯ ಮುಳುಗಿದ ಮೇಲೆ ಬಿಸಿ 25-30 ಡಿಗ್ರಿ ಇಳಿಯುತ್ತದೆ. 10 ಗಂಟೆಗೆ ಹೊರಗಿನ ಥರ್ಮಾಮೀಟರ್ ನೋಡಿ. ಒಳಗಿಗಿಂತ ಹೊರಗೆ ತಂಪಾಗಿದ್ದರೆ ಎಸಿ ನಿಲ್ಲಿಸಿ, ಒಂದು ಕಿಟಕಿ ತೆರೆದು ವೆಂಟ್ ಫ್ಯಾನ್ ಹೊರಕ್ಕೆ ಹಾಕಿ. ಆ ಫ್ಯಾನ್ ಜೋರಾಗಿ ಓಡಿದರೂ 12 ವೋಲ್ಟಿನಲ್ಲಿ ಮೂರ್ನಾಲ್ಕು ಆಂಪ್. ಒಂದೇ ಬ್ಯಾಟರಿ ರಾತ್ರಿಯೆಲ್ಲ ಸಾಕು. ತೇವದ ಹವೆಯ ಹ್ಯೂಸ್ಟನ್ ಕಡೆ ಈ ಉಪಾಯ ನಡೆಯದು, ಅಲ್ಲಿಗೆ ಹಂತ 5ರ ಚಿಕ್ಕ ಎಸಿಯೇ ಗತಿ.

ಮಗು, ವಯಸ್ಸಾದವರು, ನಾಯಿ ಇವರನ್ನು "ಎಸಿ ಇದೆಯಲ್ಲ" ಎಂದು ಒಳಗೆ ಬಿಟ್ಟು ಟ್ರೆಕ್ಕಿಂಗ್ ಹೋಗಬೇಡಿ. ಜನರೇಟರ್ ಪೆಟ್ರೋಲ್ ಮುಗಿದು ನಿಂತರೆ ಒಳಗೆ ಬಿಸಿ ಏರಲು ಅರ್ಧ ಗಂಟೆಯೂ ಬೇಡ. ಇಯು2200ಐಯ ಟ್ಯಾಂಕ್ ಒಂದು ಗ್ಯಾಲನ್‌ಗಿಂತ ಸ್ವಲ್ಪ ಕಡಿಮೆ, ಪೂರ್ತಿ ಲೋಡಿನಲ್ಲಿ ಮೂರು ಗಂಟೆ ಚಿಲ್ಲರೆ ಬರುತ್ತದೆ. ಪೆಟ್ರೋಲ್ ತುಂಬುವ ಮೊದಲು ಎಂಜಿನ್ ನಿಲ್ಲಿಸಿ, ಆರಲು ಬಿಡಿ.

ಈ ಲಕ್ಷಣ ಕಂಡರೆ ತಕ್ಷಣ ಆಫ್ ಮಾಡಿ

ಗುಂಯ್ ಎಂಬ ಸದ್ದು, ಎರಡು ಮೂರು ಸೆಕೆಂಡಿಗೆ ಕಟಕ್ ಎಂದು ನಿಲ್ಲುವುದು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಕಂಪ್ರೆಸರ್ ತಿರುಗಲು ಆಗದೆ ಒದ್ದಾಡುತ್ತಿದೆ. ಮೂರು ಸಲ ಹೀಗಾದರೆ ನಾಲ್ಕನೆಯ ಸಲಕ್ಕೆ ಬಿಡಬೇಡಿ. ಮನೆಯ ಗಟ್ಟಿ ಕರೆಂಟಿನಲ್ಲೂ ಹೀಗೇ ಮಾಡಿದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆ ಹೆಚ್ಚು, ಅದು ಅಗ್ಗದ ಸಾಮಾನು.

ಓಡುವಾಗ ವೋಲ್ಟೇಜ್ 105ಕ್ಕಿಂತ ಕೆಳಗೆ ಇಳಿದರೆ ನಿಲ್ಲಿಸಿ. ಕೇಬಲ್ ತೆಳ್ಳಗಿದೆ ಅಥವಾ ಜನರೇಟರಿಗೆ ಭಾರ ಜಾಸ್ತಿಯಾಗಿದೆ. ಹಾರ್ಡ್‌ವೇರ್ ಅಂಗಡಿಯ 50 ಅಡಿಯ ತೆಳು ಕಿತ್ತಳೆ ಕೇಬಲ್ ಸುರುಳಿ ಸುತ್ತಿಯೇ ಬಳಸಿದರೆ ಅದು ಒಲೆಯಂತೆ ಕಾಯುತ್ತದೆ. ಪ್ಲಗ್ಗಿನ ತುದಿಯನ್ನು ಗಂಟೆಗೊಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಿದ್ದರೆ ತಪ್ಪಾಗಿದೆ. ಬಣ್ಣ ಕಂದು ತಿರುಗಿದ ಪ್ಲಗ್ ಮತ್ತೆ ಬಳಸಬೇಡಿ.

ಗಾಳಿ ಬರುವುದು ಕಡಿಮೆಯಾಗಿ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಕೂಲ್ ಆಫ್ ಮಾಡಿ ಬರೀ ಫ್ಯಾನ್ ಅರ್ಧ ಗಂಟೆ ಓಡಿಸಿ ಕರಗಿಸಿ. ಫಿಲ್ಟರ್ ಕೊಳೆಯಾಗಿರುತ್ತದೆ, ಇಲ್ಲವೇ ಫ್ಯಾನ್ ಲೋದಲ್ಲಿ ಇಟ್ಟಿರುತ್ತೀರಿ.

ತಲೆನೋವು, ವಾಕರಿಕೆ, ಎಲ್ಲರಿಗೂ ಒಟ್ಟಿಗೆ ತೂಕಡಿಕೆ ಬಂದರೆ ಬಿಸಿಲಿನ ಸುಸ್ತು ಎಂದು ಮಲಗಬೇಡಿ. ಅಲಾರಂ ಕೂಗದಿದ್ದರೂ ಸರಿ, ಮೊದಲು ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಮೇಲೆ ಜನರೇಟರ್ ನಿಲ್ಲಿಸಿ, 911ಕ್ಕೆ ಫೋನ್ ಮಾಡಿ. ಬಯಲಿನಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಎಳೆಯುವ ಗಾಡಿಯ ಟ್ಯಾಂಕ್ ಯಾವಾಗಲೂ ಅರ್ಧಕ್ಕಿಂತ ಮೇಲಿರಲಿ. ಟ್ರೇಲರಿನ ಎಸಿ ಕೈಕೊಟ್ಟ ಮಧ್ಯಾಹ್ನ ಅಪ್ಪ ಅಮ್ಮನನ್ನು ಕೂರಿಸಲು ಉಳಿಯುವುದು ಆ ಗಾಡಿಯ ಎಸಿ ಒಂದೇ.